ಟಾಲ್ಯುಯಿನ್ ಡ್ರಮ್ ದೂರದಲ್ಲಿದ್ದರೂ ವೆಲ್ಡಿಂಗ್ ಮಾಡುವುದು ಅಪಾಯವೇ?

ಹೌದು, ಅಪಾಯವೇ. ಟಾಲ್ಯುಯಿನ್ ಪೇಂಟ್, ಥಿನ್ನರ್‌ಗಳಲ್ಲಿ ಬಳಸುವ, ಬೇಗ ಹೊತ್ತಿಕೊಳ್ಳುವ ದ್ರಾವಕ. ಹೊತ್ತಿಕೊಳ್ಳುವುದು ದ್ರವವಲ್ಲ, ಅದರಿಂದ ಏಳುವ ಆವಿ. ಟಾಲ್ಯುಯಿನ್‌ನ ಫ್ಲ್ಯಾಶ್ ಪಾಯಿಂಟ್, ಅಂದರೆ ಕಿಡಿ ತಾಗಿದರೆ ಹೊತ್ತಿಕೊಳ್ಳುವಷ್ಟು ಆವಿ ಏಳುವ ಕನಿಷ್ಠ ತಾಪಮಾನ, ಸುಮಾರು 4 ಡಿಗ್ರಿ ಸೆಲ್ಸಿಯಸ್. ಹಾಗಾಗಿ ಮಾಮೂಲಿ ಕೋಣೆಯ ತಾಪಮಾನದಲ್ಲೂ ದ್ರವದ ಮೇಲೆ, ಕಿಡಿ ತಾಗಿದರೆ ಹೊತ್ತಿಕೊಳ್ಳುವಷ್ಟು ಆವಿ ಇರುತ್ತದೆ, ಗಾಳಿಯಲ್ಲಿ ಶೇ. 1ಕ್ಕಿಂತ ತುಸು ಹೆಚ್ಚು ಬೆರೆತರೂ ಸಾಕು. ಈ ಆವಿ ಗಾಳಿಗಿಂತ ಸುಮಾರು 3 ಪಟ್ಟು ಭಾರ. ಮೇಲೇರಿ ಚದುರದೆ ನೆಲಕ್ಕಂಟಿಕೊಂಡು ಹರಿದು ಚರಂಡಿ, ಗುಂಡಿಗಳಲ್ಲಿ ಕೂರುತ್ತದೆ. ಎಲ್ಲೋ ಆಚೆ ಕಿಡಿ ಸಿಕ್ಕರೂ ಬೆಂಕಿ ಅದೇ ಜಾಡು ಹಿಡಿದು ಡ್ರಮ್ಮಿಗೆ ವಾಪಸ್ ಬರಬಹುದು.

ಹೆಚ್ಚಿನವರು ಮರೆಯುವುದು ಸ್ಥಿರ ವಿದ್ಯುತ್ತನ್ನು. ಡ್ರಮ್ಮಿನಿಂದ ಸುರಿಯುವಾಗ ಧಾರೆಯಲ್ಲೇ ಚಾರ್ಜ್ ಹುಟ್ಟುತ್ತದೆ. ಟಾಲ್ಯುಯಿನ್ ವಿದ್ಯುತ್ತನ್ನು ಸುಲಭವಾಗಿ ಹರಿಯಬಿಡುವುದಿಲ್ಲ, ಚಾರ್ಜ್ ಅಲ್ಲೇ ಸೇರಿ ಕಿಡಿಯಾಗಬಹುದು. ಪ್ಲಾಸ್ಟಿಕ್ ಬಕೆಟ್ ಬೇಡವೇ ಬೇಡ. ಲೋಹದ ಪಾತ್ರೆಯನ್ನೂ ಡ್ರಮ್ಮನ್ನೂ ತಂತಿಯಿಂದ ಜೋಡಿಸಿ, ಡ್ರಮ್ಮಿಗೆ ಅರ್ಥಿಂಗ್ ಕೊಡಿ. ಕ್ಲಿಪ್ ಕಚ್ಚುವ ಜಾಗದ ಪೇಂಟನ್ನು ಮೊದಲೇ ಕೆರೆದಿಟ್ಟುಕೊಳ್ಳಿ. ಪೇಂಟಿನ ಮೇಲೆ ಹಾಕಿದ ಕ್ಲಿಪ್ ಇದ್ದೂ ಇಲ್ಲದಂತೆ. ಕೊಳವೆಯ ತುದಿ ತಳ ಮುಟ್ಟುವಂತಿಟ್ಟು ನಿಧಾನವಾಗಿ ತುಂಬಿಸಿ.

ಖಾಲಿ ಡ್ರಮ್ಮನ್ನು ಮಾತ್ರ ದಯವಿಟ್ಟು ಕತ್ತರಿಸಲು, ವೆಲ್ಡ್ ಮಾಡಲು ಹೋಗಬೇಡಿ. ತಳದಲ್ಲಿ ಉಳಿದ ಒಂದಿಷ್ಟು ಪಸೆಯ ಆವಿಯೇ ಸಿಡಿಯುತ್ತದೆ. ನನ್ನ ಪ್ರಕಾರ ತುಂಬಿದ ಡ್ರಮ್ಮಿಗಿಂತ ಇದಕ್ಕೇ ಹೆಚ್ಚು ಹೆದರಬೇಕು.

ಧೂಳಿನ ಮಾಸ್ಕ್ ಆವಿಯನ್ನು ತಡೆಯದು, ಸಾವಯವ ಆವಿಯ ಕಾರ್ಟ್ರಿಡ್ಜ್ (ಇಂಥ ದ್ರಾವಕಗಳ ಆವಿಯನ್ನು ಹೀರುವ ಫಿಲ್ಟರ್) ಇರುವ ಮಾಸ್ಕೇ ಬೇಕು. ತಲೆ ಸುತ್ತಿದರೆ ಕೂಡಲೇ ಹೊರಗಿನ ಗಾಳಿಗೆ ಬನ್ನಿ. ಬೆಂಕಿ ಬಿದ್ದರೆ ನೀರಿನ ಧಾರೆ ಹಾಯಿಸಬೇಡಿ: ಟಾಲ್ಯುಯಿನ್ ನೀರಿನ ಮೇಲೆ ತೇಲುತ್ತಾ ಉರಿಯನ್ನು ಹರಡುತ್ತದೆ. ಫೋಮ್ ಅಥವಾ ಒಣ ಪುಡಿಯ ಅಗ್ನಿಶಾಮಕ ಕೈಗೆ ಸಿಗುವಂತಿರಲಿ.