5.3 ಸಿಲ್ವರಾಡೊಗೆ ಹೆಡರ್ ಹಾಕಿಸೋದಾ, 6.0 ಎಂಜಿನ್ ಕೂರಿಸೋದಾ?

2003ರ ಷೆವರ್ಲೆ ಸಿಲ್ವರಾಡೊ ಪಿಕಪ್, 5.3 ಲೀಟರ್ ಎಂಜಿನ್, ಟ್ರೇಲರ್ ಎಳೆಯೋಕೆ ಬಲ ಸಾಲಲ್ಲ, ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಟಿಕ್ ಟಿಕ್ ಸದ್ದು ಬಂದು ಬಿಸಿಯಾದ ಮೇಲೆ ನಿಲ್ಲುತ್ತೆ ಅಂದಿದ್ದೀರಿ. ಹೆಡರ್ (ಹೊಗೆ ಸರಾಗವಾಗಿ ಹೋಗಲು ಮ್ಯಾನಿಫೋಲ್ಡಿನ ಬದಲು ಹಾಕುವ ಪೈಪುಗಳು) ಹಾಕಿಸಲಾ, 6.0 ಲೀಟರ್ ಎಂಜಿನ್ ಕೂರಿಸಲಾ ಅಂತ ಕೇಳಿದ್ದೀರಿ. ಮೊದಲು ಆ ಸದ್ದು ನೋಡಿ. ಎಕ್ಸಾಸ್ಟ್ ಮ್ಯಾನಿಫೋಲ್ಡಿನ (ಎಂಜಿನ್ನಿನ ಹೊಗೆ ಒಟ್ಟುಗೂಡಿಸಿ ಹೊರಗೆ ಕಳಿಸುವ ಭಾಗ) ತೀರಾ ಹಿಂದಿನ ಬೋಲ್ಟಿನ ತಲೆ ಹಾರಿರೋ ಸಾಧ್ಯತೆನೇ ಹೆಚ್ಚು. ಎರಕದ ಕಬ್ಬಿಣದ ಮ್ಯಾನಿಫೋಲ್ಡ್ ಮತ್ತು ಅದು ಕೂರುವ ಎಂಜಿನ್ನಿನ ಅಲ್ಯೂಮಿನಿಯಂ ಹೆಡ್ ಬಿಸಿಗೆ ಒಂದೇ ಅಳತೆಯಲ್ಲಿ ಹಿಗ್ಗಲ್ಲ. ಆ ಎಳೆದಾಟದಲ್ಲಿ ತುದಿಯ ಬೋಲ್ಟ್ ಕತ್ತರಿಸುತ್ತೆ.

ಮುರಿದ ತುಂಡು ಸ್ವಲ್ಪ ಹೊರಗಿದ್ದರೆ ಅದರ ಮೇಲೆ ನಟ್ ವೆಲ್ಡ್ ಮಾಡಿ, ಬಿಸಿ ಇರುವಾಗಲೇ ಹಿಂದೆ ಮುಂದೆ ಆಡಿಸಿ ತೆಗೆಯಿರಿ. ಒಳಗೇ ಮುರಿದಿದ್ದರೆ ಸರಿಯಾಗಿ ನಡುವಿಗೆ ಪಂಚ್ ಹೊಡೆದು ಎಡಗೈ ಡ್ರಿಲ್ ಬಿಟ್ (ಎಡಕ್ಕೆ ತಿರುಗಿ ಕೊರೆಯುವಂಥದ್ದು) ಹಾಕಿ. ಬಿಟ್ ಪಕ್ಕಕ್ಕೆ ಜಾರಿದರೆ ಹೆಡ್ಡಿನ ಥ್ರೆಡ್ ಹೋಯ್ತು. ಹೊಸ ಬೋಲ್ಟ್ ಎಂ8 (8 ಮಿ.ಮೀ. ದಪ್ಪ), 1.25 ಪಿಚ್.

ಹೆಡರ್ ಹಾಕೋದಾದರೆ ಉದ್ದ ಪೈಪಿನದೇ ಹಾಕಿ. ಶಾರ್ಟಿ, ಅಂದರೆ ಗಿಡ್ಡ ಪೈಪಿನ ಹೆಡರಿಗೆ ದುಡ್ಡು ಕೊಟ್ಟು ಎಳೆತದಲ್ಲಿ ವ್ಯತ್ಯಾಸ ಹುಡುಕಬೇಕಾಗುತ್ತೆ. ಪ್ರೈಮರಿ ಪೈಪ್ (ಒಂದೊಂದು ಸಿಲಿಂಡರಿನಿಂದ ಹೊರಡುವ ಪೈಪ್) 1¾ ಇಂಚು ಸಾಕು. 1⅞ ಬೇಕಾಗೋದು ದೊಡ್ಡ ಕ್ಯಾಮ್ (ವಾಲ್ವ್ ತೆರೆಯುವ ಶಾಫ್ಟ್) ಹಾಕಿ ಮೇಲಿನ ಆರ್‌ಪಿಎಂನಲ್ಲಿ ಓಡಿಸುವವರಿಗೆ. ಒಂದು ಮಾತು: ಉದ್ದ ಹೆಡರ್ ಹಾಕಿದರೆ ಹೊಗೆಯ ವಿಷ ಕಡಿಮೆ ಮಾಡುವ ಕ್ಯಾಟಲಿಟಿಕ್ ಕನ್ವರ್ಟರಿನ ಜಾಗ ಬದಲಾಗುತ್ತೆ. ರಸ್ತೆಯ ಗಾಡಿಯಿಂದ ಕನ್ವರ್ಟರ್ ಕಿತ್ತುಹಾಕೋದು ಅಮೆರಿಕದಲ್ಲಿ ಕಾನೂನುಬಾಹಿರ. ಕ್ಯಾಲಿಫೋರ್ನಿಯಾದಲ್ಲಿದ್ದರೆ ನಿಮ್ಮ ಮಾಡೆಲ್‌ಗೆ ಕಾರ್ಬ್‌ನ (ಅಲ್ಲಿನ ವಾಯುಮಾಲಿನ್ಯ ನಿಯಂತ್ರಣ ಮಂಡಳಿ) ಇಒ ನಂಬರ್, ಅಂದರೆ ಅನುಮತಿ ಸಂಖ್ಯೆ ಇರೋ ಹೆಡರನ್ನೇ ಕೊಳ್ಳಿ.

ಡ್ರೈವರ್ ಕಡೆ ಜಾಗ ಇಕ್ಕಟ್ಟು, ಸ್ಟೀರಿಂಗ್ ಶಾಫ್ಟ್ ಬಿಚ್ಚಬೇಕಾಗಬಹುದು. ಅದಕ್ಕೂ ಮುಂಚೆ ಚಕ್ರ ನೇರ ನಿಲ್ಲಿಸಿ, ಸ್ಟೀರಿಂಗ್ ವ್ಹೀಲನ್ನ ಸೀಟ್ ಬೆಲ್ಟಿಗೆ ಕಟ್ಟಿಹಾಕಿ. ಅದು ತಿರುಗಿದರೆ ಏರ್‌ಬ್ಯಾಗಿನ ಕ್ಲಾಕ್ ಸ್ಪ್ರಿಂಗ್ (ವ್ಹೀಲಿನೊಳಗೆ ಸುರುಳಿ ಸುತ್ತಿದ ವೈರ್) ಕಿತ್ತುಹೋಗುತ್ತೆ. ಗ್ಯಾಸ್ಕೆಟ್ ಹಲವು ಪದರದ ಸ್ಟೀಲಿನದೇ ಇರಲಿ. ಬೋಲ್ಟುಗಳನ್ನ ನಡುವಿನಿಂದ ತುದಿ ಕಡೆಗೆ, ಮೊದಲ ಸುತ್ತು 11, ಎರಡನೇ ಸುತ್ತು 18 ಫುಟ್-ಪೌಂಡ್ ಬಿಗಿ ಮಾಡಿ. ಹೆಡರಿನ ಜೊತೆ ಬೇರೆ ಬೋಲ್ಟ್ ಕೊಟ್ಟಿದ್ದರೆ ಅವರು ಹೇಳಿದ ಅಳತೆಗೇ ಹೋಗಿ. ಪ್ಲಗ್ ವೈರ್ ಪೈಪಿಗೆ ತಾಗಿದರೆ ಸುಟ್ಟು ಮಿಸ್‌ಫೈರ್ ಶುರುವಾಗುತ್ತೆ, ಶಾಖ ತಡೆಯುವ ಬೂಟ್ ಹಾಕಿ. ಆಕ್ಸಿಜನ್ ಸೆನ್ಸರಿಗೆ ಉದ್ದದ ವೈರ್ ಬೇಕಾಗುತ್ತೆ.

ಆಕ್ಸಿಜನ್ ಸೆನ್ಸರಿಗೆ ಮುಂಚೆ ಪೈಪಿನಲ್ಲಿ ಸಣ್ಣ ಲೀಕ್ ಇದ್ದರೂ ಹೊರಗಿನ ಗಾಳಿ ಒಳಗೆ ಸೇರಿ, ಪೆಟ್ರೋಲ್ ಕಡಿಮೆಯಾಯ್ತು ಅಂತ ಎಂಜಿನ್ ಕಂಪ್ಯೂಟರ್ ತಿಳಿದು ಜಾಸ್ತಿ ಸುರಿಯುತ್ತೆ. ಪಿ0171, ಪಿ0174 ಕೋಡ್ (ಪೆಟ್ರೋಲ್ ಕಡಿಮೆ ಎಂಬ ದೋಷ ಸಂಕೇತ) ಬಂದರೆ ಸೆನ್ಸರ್ ಬದಲಿಸುವ ಮುಂಚೆ ಲೀಕ್ ಹುಡುಕಿ. ಕೆಲಸ ಮುಗಿದ ಮೇಲೆ ಕಂಪ್ಯೂಟರಿನ ಸೆಟ್ಟಿಂಗ್ ಟ್ಯೂನ್ ಮಾಡಿಸಲೇಬೇಕು.

ಆದರೆ ಭಾರ ಎಳೆಯೋದೇ ಮುಖ್ಯ ಅಂದರೆ ನನ್ನ ಓಟು 6.0ಗೆ. ಸ್ಟ್ರೋಕ್ (ಪಿಸ್ಟನ್ ಓಡುವ ದೂರ) 5.3ರದ್ದೇ, 3.62 ಇಂಚು, ಬೋರ್ (ಸಿಲಿಂಡರಿನ ಅಗಲ) ಮಾತ್ರ 3.78ರ ಬದಲು 4.00. ಎಂಜಿನ್ ಮೌಂಟ್, ಬೆಲ್‌ಹೌಸಿಂಗ್ (ಗೇರ್‌ಬಾಕ್ಸ್ ಜೋಡಿಸುವ ಭಾಗ) ಎರಡೂ ಹೊಂದುತ್ತವೆ. ಕೊಳ್ಳುವಾಗ ಕ್ರ್ಯಾಂಕ್ ರಿಲಕ್ಟರ್ (ಎಂಜಿನ್ ತಿರುಗುವುದನ್ನ ಸೆನ್ಸರಿಗೆ ತಿಳಿಸುವ ಹಲ್ಲಿನ ಚಕ್ರ) 24 ಹಲ್ಲಿನದಾ ಅಂತ ಖಚಿತ ಮಾಡಿಕೊಳ್ಳಿ. ನಂತರದವು 58 ಹಲ್ಲಿನವು, ನಿಮ್ಮ ಕಂಪ್ಯೂಟರಿಗೆ ನೇರವಾಗಿ ಅರ್ಥವಾಗಲ್ಲ. 1999–2000ರ ಎಲ್‌ಕ್ಯು4 (6.0 ಎಂಜಿನ್ನಿನ ಒಂದು ಮಾದರಿ) ಆದರೆ ಕ್ರ್ಯಾಂಕಿನ ಹಿಂದಿನ ಫ್ಲ್ಯಾಂಜ್ 0.4 ಇಂಚು ಉದ್ದ, ನಿಮ್ಮ ಹಳೆ ಫ್ಲೆಕ್ಸ್‌ಪ್ಲೇಟ್ (ಕ್ರ್ಯಾಂಕನ್ನ ಗೇರ್‌ಬಾಕ್ಸಿಗೆ ಸೇರಿಸುವ ತಟ್ಟೆ) ಅದಕ್ಕೆ ಕೂರಲ್ಲ.