ಅಳಿಯನ ಫಂಡು, ಮಾವನ ಸಂಕೋಚ

ಹೂಡಿಕೆಯ ಸಲಹೆ ಕೇಳಿ ನನ್ನ ಹತ್ತಿರ ಬಂದ ಒಂದು ಮನೆಯವರ ಕಥೆ ಇದು. ಗುರುತು ಸಿಗಬಾರದು ಅಂತ ಊರು, ವಯಸ್ಸು, ಮೊತ್ತ ಎಲ್ಲವನ್ನೂ ಸ್ವಲ್ಪ ಬದಲಿಸಿದ್ದೇನೆ. ಲೆಕ್ಕದ ಹದ ಮಾತ್ರ ಹಾಗೆಯೇ ಇದೆ. ಮಾತುಕತೆ ನಡೆದದ್ದು ಅರ್ಧ ತುಳುವಿನಲ್ಲಿ, ಅರ್ಧ ಕನ್ನಡದಲ್ಲಿ.

ಬಂದವರು ಬದಿಯಡ್ಕ ಕಡೆಯ ದಂಪತಿ. ಗಂಡ ಕನ್ನಡ ಮೀಡಿಯಂ ಎಯ್ಡೆಡ್ ಶಾಲೆಯ ಮಾಷ್ಟ್ರು, ಕೇರಳದ ನಿಯಮದಂತೆ 56ಕ್ಕೆ ನಿವೃತ್ತರು. ಈಗ 60. ಹೆಂಡತಿಯನ್ನು ಸರೋಜಕ್ಕ ಅನ್ನೋಣ. ಅವರಿಗೆ ತಾಯಿ ಕಡೆಯಿಂದ ಬಂದ ಅಡಿಕೆ ತೋಟ ಇದೆ. ಒಬ್ಬಳೇ ಮಗಳು, ಬೆಂಗಳೂರಿನಲ್ಲಿ ಕೆಲಸ. ನನ್ನ ಹತ್ತಿರ ಸಮಯ ಗೊತ್ತುಮಾಡಿದ್ದು ಅವಳೇ. "ಅಪ್ಪ ಫೋನಿನಲ್ಲಿ ಈ ವಿಷಯ ತೆಗೆದರೆ ಸಾಕು, ಕಟ್ ಮಾಡ್ತಾರೆ" ಅಂದಿದ್ದಳು.

ವಿಷಯ ಇಷ್ಟು. ಇಬ್ಬರ ಹೆಸರಿನಲ್ಲಿ ಸೇರಿ ಮ್ಯೂಚುವಲ್ ಫಂಡಿನಲ್ಲಿ 24 ಲಕ್ಷ ಇತ್ತು. ಮಾಷ್ಟ್ರದ್ದು 16, ಸರೋಜಕ್ಕನದ್ದು 8. ನಾಲ್ಕು ಫಂಡು, ಎಲ್ಲವೂ ರೆಗ್ಯುಲರ್ ಪ್ಲಾನ್, ಅಂದರೆ ಏಜೆಂಟರ ಮೂಲಕ ಕೊಳ್ಳುವಂಥದ್ದು. ಮಾಡಿಸಿಕೊಟ್ಟದ್ದು ಮಾಷ್ಟ್ರ ಅಕ್ಕನ ಮಗ, ಅಂದರೆ ಸೋದರಳಿಯ. ಕಾಸರಗೋಡು ಪೇಟೆಯಲ್ಲಿ ಅವನಿಗೆ ಸಣ್ಣ ಆಫೀಸು, ಫಂಡು ಮತ್ತು ವಿಮೆಯ ಕೆಲಸ. ಮಗಳು ಒಂದು ರಾತ್ರಿ ಕೂತು ಲೆಕ್ಕ ಹಾಕಿ ಅಪ್ಪನಿಗೆ ಕಳಿಸಿದ್ದಳು: ಹೀಗೇ ಬಿಟ್ಟರೆ 15 ವರ್ಷದಲ್ಲಿ 20 ಲಕ್ಷ ಕಮ್ಮಿ ಆಗ್ತದೆ, ಎಲ್ಲ ಮಾರಿ ಇಂಡೆಕ್ಸ್ ಫಂಡಿಗೆ ಹಾಕಿ. (ಶೇರು ಆರಿಸುವ ಗೋಜಿಲ್ಲದೆ, ನಿಫ್ಟಿಯಂಥ ಶೇರುಪೇಟೆ ಸೂಚ್ಯಂಕದಲ್ಲಿರುವ ಕಂಪನಿಗಳನ್ನೇ ಕೊಳ್ಳುವ ಫಂಡು ಅದು.) ಅಂದಿನಿಂದ ಮಾಷ್ಟ್ರಿಗೆ ಸರಿಯಾಗಿ ನಿದ್ದೆ ಇಲ್ಲ.

ಮೊದಲ ದಿನ ಅವರು ಕೇಳಿದ್ದು ಹಣದ ಬಗ್ಗೆ ಅಲ್ಲವೇ ಅಲ್ಲ. "ಅವನು ನನಗೆ ಮೋಸ ಮಾಡಿದ್ದಾನಾ ಮೇಡಂ? ಅದೊಂದು ಹೇಳಿ."

ಇಲ್ಲ ಅಂದೆ. ಅದು ಸಮಾಧಾನಕ್ಕೆ ಹೇಳಿದ ಮಾತಲ್ಲ. ಫಂಡು ಮಾಡಿಸಿಕೊಟ್ಟವರಿಗೆ ಪ್ರತಿ ವರ್ಷ ಕಮಿಷನ್ ಹೋಗುವುದು ಶೇರುಪೇಟೆಯ ನಿಯಂತ್ರಕ ಸೆಬಿಯ ನಿಯಮದೊಳಗೇ ಇರುವ ವ್ಯವಸ್ಥೆ. ಅದನ್ನು ನಾವು ಚೆಕ್ ಬರೆದು ಕೊಡುವುದಿಲ್ಲ. ಫಂಡಿನ ಖರ್ಚಿನಲ್ಲಿ, ಅಂದರೆ ಎಕ್ಸ್‌ಪೆನ್ಸ್ ರೇಶಿಯೊದಲ್ಲಿ, ದಿನಾ ಚೂರು ಚೂರೇ ಮುರಿದುಕೊಳ್ಳುತ್ತದೆ. ಹಾಗಾಗಿ ಕಣ್ಣಿಗೆ ಬೀಳುವುದಿಲ್ಲ. ಆದರೆ ಮುಚ್ಚಿಟ್ಟದ್ದೂ ಅಲ್ಲ. 2016ರ ಅಕ್ಟೋಬರಿನಿಂದ ಆರು ತಿಂಗಳಿಗೊಮ್ಮೆ ಬರುವ ಒಟ್ಟು ಖಾತೆಯ ಸ್ಟೇಟ್‌ಮೆಂಟಿನಲ್ಲಿ ಏಜೆಂಟರಿಗೆ ಎಷ್ಟು ಹೋಯಿತು ಅಂತ ರೂಪಾಯಿಯಲ್ಲೇ ಇರುತ್ತದೆ. ಮಾಷ್ಟ್ರು ಅದನ್ನು ಫೈಲಿಗೆ ಹಾಕುತ್ತಿದ್ದರು, ಓದುತ್ತಿರಲಿಲ್ಲ. ಅಲ್ಲೇ ತೆರೆದು ನೋಡಿದೆವು. ಇಬ್ಬರದ್ದೂ ಸೇರಿ ಆರು ತಿಂಗಳಿಗೆ ಸುಮಾರು 10,800.

ಅವರು ತುಂಬ ಹೊತ್ತು ಆ ಸಾಲನ್ನೇ ನೋಡಿದರು. ಆಮೇಲೆ ನಕ್ಕರು. "ನನ್ನ ಅಳಿಯ ಬಡವ ಅಂತ ವಿಷುವಿಗೆ ಸಾವಿರ ರೂಪಾಯಿ ಜಾಸ್ತಿ ಕೊಡ್ತಿದ್ದೆ."

ಮಗಳ 20 ಲಕ್ಷದ ಲೆಕ್ಕ ತಪ್ಪಲ್ಲ. ವರ್ಷಕ್ಕೆ 10% ಬೆಳವಣಿಗೆ ಅಂತ ಇಟ್ಟುಕೊಂಡು ಒಂದು ಕಡೆ 1.9% ಖರ್ಚು, ಇನ್ನೊಂದು ಕಡೆ 0.2% ಕಳೆದರೆ, 15 ವರ್ಷಕ್ಕೆ 77 ಲಕ್ಷಕ್ಕೂ 97 ಲಕ್ಷಕ್ಕೂ ಇರುವ ಅಂತರವೇ ಬರುತ್ತದೆ. ಆದರೆ ಇಂಥ ದೊಡ್ಡ ಅಂಕಿ 60 ದಾಟಿದವರನ್ನು ಹೆದರಿಸುತ್ತದೆ, ಅಷ್ಟೇ. ಹೆದರಿದವರು ಒಂದೋ ಏನೂ ಮಾಡುವುದಿಲ್ಲ, ಇಲ್ಲವೇ ಎಲ್ಲವನ್ನೂ ಒಂದೇ ದಿನ ಮಾರುತ್ತಾರೆ. ನಾನು ಈ ವರ್ಷದ ಲೆಕ್ಕ ಮಾತ್ರ ಹಾಕಿ ತೋರಿಸಿದೆ. 24 ಲಕ್ಷಕ್ಕೆ 1.9% ಅಂದರೆ 45,600. ಇಂಡೆಕ್ಸ್ ಫಂಡಿನ ಡೈರೆಕ್ಟ್ ಪ್ಲಾನಿನಲ್ಲಿ (ಏಜೆಂಟರಿಲ್ಲದೆ ನೇರ ಕೊಳ್ಳುವುದು) 0.2% ಅಂದರೆ 4,800. ಅಂತರ 40,800, ತಿಂಗಳಿಗೆ 3,400. ಇದು ಪಿಂಚಣಿ ಎಣಿಸುವವರಿಗೆ ಅರ್ಥ ಆಗುವ ಅಂಕಿ.

ಈ 45,600ರಲ್ಲಿ ಅಳಿಯನಿಗೆ ಹೋಗುತ್ತಿದ್ದದ್ದು ಅರ್ಧಕ್ಕಿಂತ ಕಮ್ಮಿ. ಉಳಿದದ್ದು ಫಂಡು ಕಂಪನಿಗೆ, ಶೇರು ಆರಿಸುವವರ ಸಂಬಳಕ್ಕೆ, ಜಾಹೀರಾತಿಗೆ. ಅವರು ಆರಿಸಿದ್ದಾದರೂ ಏನು ಅಂತ ನಾಲ್ಕೂ ಫಂಡಿನ ಪಟ್ಟಿ ಪಕ್ಕಪಕ್ಕ ಇಟ್ಟು ನೋಡಿದೆವು. ಮೂರರಲ್ಲಿ ಮೇಲಿನ ಹತ್ತು ಹೆಸರುಗಳು ಹೆಚ್ಚುಕಮ್ಮಿ ಅವೇ: ಅದೇ ದೊಡ್ಡ ಬ್ಯಾಂಕುಗಳು, ಅದೇ ಐಟಿ ಕಂಪನಿಗಳು. ನಿಫ್ಟಿಯ 50 ಕಂಪನಿಗಳಲ್ಲೂ ಮೇಲೆ ಇರುವುದು ಅವೇ ತಾನೇ? ನಾಲ್ಕನೆಯದು ಮಧ್ಯಮ ಗಾತ್ರದ ಕಂಪನಿಗಳ ಮಿಡ್‌ಕ್ಯಾಪ್ ಫಂಡು. ಅದು ನಿಫ್ಟಿಗಿಂತ ಚೆನ್ನಾಗಿ ಓಡಿತ್ತು. ಆದರೆ ಅದನ್ನು ನಿಫ್ಟಿಗೆ ಹೋಲಿಸುವುದೇ ಸರಿಯಲ್ಲ. ಮಿಡ್‌ಕ್ಯಾಪ್ ಸೂಚ್ಯಂಕಕ್ಕೆ, ಅದೂ ಡಿವಿಡೆಂಡ್ ಸೇರಿಸಿದ ಲೆಕ್ಕಕ್ಕೆ ಹೋಲಿಸಬೇಕು. 2018ರ ಫೆಬ್ರವರಿಯಿಂದ ಸೆಬಿ ಎಲ್ಲ ಫಂಡುಗಳಿಗೂ ಡಿವಿಡೆಂಡ್ ಸೇರಿದ ಸೂಚ್ಯಂಕವನ್ನೇ ಕಡ್ಡಾಯ ಮಾಡಿದೆ. ಹಾಗೆ ನೋಡಿದರೆ ಅದೂ ಸ್ವಲ್ಪ ಹಿಂದೆಯೇ ಇತ್ತು.

ಇನ್ನೊಂದು ನೋಡಿ ನನಗೆ ಬೇಸರವೇ ಆಯಿತು. ಆ ಮೂರರಲ್ಲಿ ಒಂದು ತೆರಿಗೆ ಉಳಿಸುವ ಇಎಲ್‌ಎಸ್‌ಎಸ್ ಫಂಡು. ಮಾಷ್ಟ್ರು ಹೊಸ ತೆರಿಗೆ ಪದ್ಧತಿಗೆ ಬಂದಿದ್ದಾರೆ, ಅಲ್ಲಿ ಇಂಥ ಹೂಡಿಕೆಗೆ ಸಿಗುವ 80ಸಿ ವಿನಾಯಿತಿಯೇ ಇಲ್ಲ. ಆದರೂ ತಿಂಗಳು ತಿಂಗಳು ಅದಕ್ಕೆ ಎಸ್‌ಐಪಿ, ಅಂದರೆ ನಿಗದಿತ ಕಂತು, ಹೋಗುತ್ತಿತ್ತು. ಲಾಭ ಇಲ್ಲ, ಮೂರು ವರ್ಷದ ಬೀಗ ಮಾತ್ರ ಇದೆ. ವರ್ಷಕ್ಕೆ ಇಪ್ಪತ್ತು ಸಾವಿರ ತೆಗೆದುಕೊಳ್ಳುವವರು ಇಷ್ಟನ್ನಾದರೂ ನೋಡಿ ನಿಲ್ಲಿಸಬೇಕಿತ್ತು ಅಲ್ವಾ?

ಲೆಕ್ಕ ಎಲ್ಲ ಮುಗಿದ ಮೇಲೆ ಮಾಷ್ಟ್ರು ಅಂದರು: "ಎಲ್ಲ ಸರಿ ಮೇಡಂ. ಅವನಿಗೆ ಎಂತ ಹೇಳುದು?"

ನಿಜವಾದ ಪ್ರಕರಣ ಅಲ್ಲಿಂದ ಶುರು. ಇವರದ್ದು ಅಳಿಯಕಟ್ಟಿನ ಮನೆತನ, ಹೆಣ್ಣಿನ ಕಡೆಯಿಂದ ವಂಶ ಎಣಿಸುವವರು. ಕೇರಳದ ಕಾನೂನಿನಲ್ಲಿ ಆ ಅವಿಭಕ್ತ ಕುಟುಂಬ ಪದ್ಧತಿ 1976ರಲ್ಲೇ ಮುಗಿಯಿತು. ಮನಸ್ಸಿನಲ್ಲಿ ಮಾವ-ಅಳಿಯನ ಲೆಕ್ಕ ಮುಗಿದಿಲ್ಲ. ತರವಾಡು ಮನೆಯ, ಅಂದರೆ ಮೂಲ ಕುಟುಂಬದ ಮನೆಯ, ವರ್ಷಾವಧಿ ದೈವದ ಕೋಲಕ್ಕೆ ಇಬ್ಬರೂ ಒಟ್ಟಿಗೆ ನಿಲ್ಲಬೇಕು. ಅಕ್ಕನಿಗೆ ಬೇಜಾರಾದರೆ ಆ ಮನೆಯ ಮೆಟ್ಟಿಲು ಹತ್ತುವುದು ಹೇಗೆ? ಜೊತೆಗೆ ಇನ್ನೊಂದು ಋಣ ಇತ್ತು. ಅದನ್ನು ಮಗಳಿಗೆ ಅವರು ಹೇಳಿಯೇ ಇರಲಿಲ್ಲ.

2020ರ ಮಾರ್ಚ್. ಕಾಸರಗೋಡಿನಲ್ಲಿ ಕೊರೊನಾ ಜೋರು. ಕರ್ನಾಟಕದ ಕಡೆಯವರು ಗಡಿಯ ರಸ್ತೆಗಳಿಗೆ ಮಣ್ಣು ಸುರಿದು ಮುಚ್ಚಿದ ದಿನಗಳು. ಮಂಗಳೂರಿನ ಆಸ್ಪತ್ರೆಗೆ ಹೋಗುವ ದಾರಿಯೇ ಇಲ್ಲ. ಜನವರಿಯಲ್ಲಿ 12,000 ದಾಟಿದ್ದ ನಿಫ್ಟಿ ಮಾರ್ಚ್ 23ಕ್ಕೆ 7,610ಕ್ಕೆ ಬಿತ್ತು. ಮಾಷ್ಟ್ರು ಎಲ್ಲವನ್ನೂ ಮಾರಲು ಹೊರಟಿದ್ದರು. ಅಳಿಯ ಫೋನ್ ಮಾಡಿ ಒಂದು ಗಂಟೆ ಮಾತಾಡಿ ತಡೆದ. ಅಂದು ಮಾರಿದ್ದರೆ ಇಂದು ಈ 24 ಲಕ್ಷ ಇರುತ್ತಿರಲಿಲ್ಲ.

ಕಮ್ಮಿ ಖರ್ಚಿನ ಹೂಡಿಕೆಯ ಪರವಾಗಿ ಮಾತಾಡುವವರು ಇಂಥದ್ದನ್ನು ಸುಲಭವಾಗಿ ಮರೆಯುತ್ತಾರೆ. ಆ ಒಂದು ಫೋನ್ ಕರೆಗೆ ಬೆಲೆ ಇತ್ತು. ಎಷ್ಟೋ ವರ್ಷದ ಕಮಿಷನ್ನು ಅದರಲ್ಲೇ ಸಂದಾಯವಾಯಿತು ಅಂದರೂ ನಾನು ಒಪ್ಪುತ್ತೇನೆ. ಆದರೆ ಆಮೇಲೂ ಹಣ ಹೋಗುತ್ತಲೇ ಇದೆ, ಕರೆ ಬಂದಿಲ್ಲ. ಇದನ್ನು ಹೇಗೆ ಹೇಳುವುದು ಅಂತ ನಾನು ಯೋಚಿಸುತ್ತಿದ್ದೆ. ಅಷ್ಟರಲ್ಲಿ, ಅಲ್ಲಿವರೆಗೆ ಬಾಯಿ ಬಿಡದೆ ಕೂತಿದ್ದ ಸರೋಜಕ್ಕ ಹೇಳಿದರು: "ಅಡಿಕೆಗೆ ಮದ್ದು ಬಿಡುವವನಿಗೆ ಮದ್ದು ಬಿಟ್ಟ ದಿನದ ಸಂಬಳ ಕೊಡ್ತೇವೆ. ವರ್ಷ ಇಡೀ ಕೊಡ್ತೇವಾ?"

ಮಾಷ್ಟ್ರು ಹೆಂಡತಿಯ ಮುಖ ನೋಡಿದರು. ಅಳಿಯನಿಗೆ ಬೇಜಾರಾಗಬಾರದು ಅಂತ ಹೆದರುತ್ತಿರುವುದು ಅವಳೇ ಅಂತ ಅವರು ಅಷ್ಟು ದಿನ ತಿಳಿದಿದ್ದರು.

ನಾನು ಕೊಟ್ಟ ಸಲಹೆ ಹೀಗಿತ್ತು.

ಹಳೆಯದನ್ನು ಮುಟ್ಟುವ ಮೊದಲು ಹೊಸದಾಗಿ ಹೋಗುವ ಎಸ್‌ಐಪಿ ನಿಲ್ಲಿಸಿ. ಅದಕ್ಕೆ ದಂಡವಿಲ್ಲ, ತೆರಿಗೆಯೂ ಇಲ್ಲ. ಅದೇ ಮೊತ್ತವನ್ನು ಒಂದು ನಿಫ್ಟಿ 50 ಇಂಡೆಕ್ಸ್ ಫಂಡಿನ ಡೈರೆಕ್ಟ್ ಪ್ಲಾನಿಗೆ ಹಾಕಿ. 2013ರ ಜನವರಿಯಿಂದ ಪ್ರತಿ ಫಂಡಿಗೂ ಡೈರೆಕ್ಟ್ ಪ್ಲಾನ್ ಇದೆ, ಅದರಲ್ಲಿ ಕಮಿಷನ್ ಇರುವುದಿಲ್ಲ. ಒಂದೇ ಫಂಡು ಸಾಕಾ ಅಂತ ಕೇಳಿದರು. ಸಾಕು. 50 ಕಂಪನಿ ಅದರೊಳಗೇ ಇವೆ. ಮೂರನೇ ಒಂದರಷ್ಟು ಭಾಗ ಬ್ಯಾಂಕು, ಹಣಕಾಸಿನ ಕಂಪನಿಗಳೇ ಅನ್ನುವುದು ಗೊತ್ತಿರಲಿ. ಮಗಳು ಕಳಿಸಿದ ಪಟ್ಟಿಯಲ್ಲಿ ಒಂದೇ ಕ್ಷೇತ್ರದ ಎರಡು ಹೊಸ ಇಂಡೆಕ್ಸ್ ಫಂಡುಗಳಿದ್ದವು, ಕಳೆದ ವರ್ಷ ಜೋರಾಗಿ ಏರಿದವು. ಅವನ್ನು ತೆಗೆಸಿದೆ. ಹೆಸರಿನಲ್ಲಿ ಇಂಡೆಕ್ಸ್ ಅಂತ ಇದ್ದ ಮಾತ್ರಕ್ಕೆ ಜೂಜು ಜೂಜಲ್ಲದೆ ಹೋಗುವುದಿಲ್ಲ.

ಹಳೆಯ ಫಂಡನ್ನು ಅದರದ್ದೇ ಡೈರೆಕ್ಟ್ ಪ್ಲಾನಿಗೆ ಬದಲಿಸಿದರೂ ತೆರಿಗೆ ಇಲಾಖೆಗೆ ಅದು ಮಾರಾಟವೇ. ವರ್ಷ ತುಂಬದ ಕಂತುಗಳಿಗೆ 1% ಎಕ್ಸಿಟ್ ಲೋಡ್ (ಬೇಗ ಹೊರಬಂದದ್ದಕ್ಕೆ ಫಂಡು ಮುರಿದುಕೊಳ್ಳುವ ಶುಲ್ಕ), ಲಾಭಕ್ಕೆ 20% ತೆರಿಗೆ. ಪ್ರತಿ ಎಸ್‌ಐಪಿ ಕಂತಿಗೂ ಅದರದ್ದೇ ವರ್ಷ. ಹಾಗಾಗಿ ಕೊನೆಯ ಹನ್ನೆರಡು ಕಂತು ಸದ್ಯಕ್ಕೆ ಬಿಟ್ಟುಬಿಡಿ ಅಂದೆ. ವರ್ಷ ದಾಟಿದ್ದಕ್ಕೆ 2024ರ ಜುಲೈ 23ರಿಂದ 12.5%, ವರ್ಷಕ್ಕೆ 1.25 ಲಕ್ಷ ಲಾಭದವರೆಗೆ ಇಲ್ಲ.

ಸರೋಜಕ್ಕನ 8 ಲಕ್ಷದಲ್ಲಿ ಲಾಭ 3 ಲಕ್ಷ. ಅದು ಅವರ ತೋಟದ್ದೇ ದುಡ್ಡು, ಗಂಡ ಕೊಟ್ಟದ್ದಲ್ಲ. ಗಂಡ ಕೊಟ್ಟದ್ದಾಗಿದ್ದರೆ ಲಾಭ ಗಂಡನ ಲೆಕ್ಕಕ್ಕೆ ಸೇರುತ್ತಿತ್ತು. ಅವರಿಗೆ ತೆರಿಗೆ ಬೀಳುವ ಬೇರೆ ಆದಾಯ ಇಲ್ಲ. ಹೊಸ ಪದ್ಧತಿಯಲ್ಲಿ 2025-26ಕ್ಕೆ 4 ಲಕ್ಷದವರೆಗೆ ತೆರಿಗೆಯೇ ಇಲ್ಲವಾದ್ದರಿಂದ ಅವರು ಎಲ್ಲವನ್ನೂ ಒಮ್ಮೆಗೇ ಬದಲಿಸಬಹುದು, ಒಂದು ರೂಪಾಯಿ ಕಟ್ಟಬೇಕಿಲ್ಲ. ಅವರೇ ಮೊದಲು ಹೋಗಲಿ ಅಂದೆ. ಅವರಿಗೆ ಖುಷಿಯಾಯಿತು, ಮುಚ್ಚಿಡಲಿಲ್ಲ.

ಮಾಷ್ಟ್ರ 16 ಲಕ್ಷದಲ್ಲಿ ಲಾಭ 6 ಲಕ್ಷ. ಮಾರ್ಚ್ ಕೊನೆಗೆ 1.25 ಲಕ್ಷ ಲಾಭ ಬರುವಷ್ಟು ಮಾರಿ ಬದಲಿಸುವುದು, ಏಪ್ರಿಲ್ ಮೊದಲ ವಾರ ಇನ್ನೊಂದು ಅಷ್ಟೇ. ಎರಡು ವಾರದೊಳಗೆ ಎರಡು ಹಣಕಾಸು ವರ್ಷ ಸಿಕ್ಕಿತು. ಉಳಿದ ಮೂರೂವರೆ ಲಕ್ಷ ಲಾಭಕ್ಕೆ ವರ್ಷ ವರ್ಷ ಕಾಯಬೇಕಾ? ಒಂದು ವರ್ಷ ಕಾದರೆ ಸೆಸ್ ಸೇರಿ ಉಳಿಯುವ ತೆರಿಗೆ 16,250. ಅಷ್ಟರೊಳಗೆ ಆ ಒಂಬತ್ತು ಲಕ್ಷ ಚಿಲ್ಲರೆ ಹಣದ ಮೇಲೆ ಜಾಸ್ತಿ ಖರ್ಚಾಗಿ ಹೋಗುವುದು ಸುಮಾರು 15,900. ಅಂದರೆ ಕಾದೂ ಒಂದೇ, ಕಾಯದೆಯೂ ಒಂದೇ. ಹೀಗಿರುವಾಗ ಮನಸ್ಸಿಗೆ ಹಿತವಾದದ್ದನ್ನು ಮಾಡಿ ಅಂದೆ. ಅವರು ಕಾಯುತ್ತೇನೆ ಅಂದರು. ಅಳಿಯನಿಗೆ ಒಮ್ಮೆಗೇ ಪೆಟ್ಟು ಬೀಳುವುದು ಬೇಡ ಅಂತ. ನನ್ನ ಲೆಕ್ಕ ಅದನ್ನು ತಡೆಯಲಿಲ್ಲ.

ಇಂಡೆಕ್ಸ್ ಫಂಡು ಮಾರುಕಟ್ಟೆಯ ಜೊತೆಗೇ ಪೂರ್ತಿ ಬೀಳುತ್ತದೆ. ಆಗ ಫೋನ್ ಮಾಡಲು ಅಳಿಯ ಇರುವುದಿಲ್ಲ. ಅದಕ್ಕೆ ಒಂದು ಕಾಗದ ಬರೆಸಿದೆ, ಮಾಷ್ಟ್ರ ಕೈಯಿಂದಲೇ: ದಿನದ ಖರ್ಚು ಪಿಂಚಣಿಯಲ್ಲಿ ನಡೆಯುತ್ತದೆ, ಎರಡು ವರ್ಷದ ಮದ್ದು, ಮನೆ ರಿಪೇರಿಯ ಹಣ ಸರ್ಕಾರಿ ಟ್ರೆಷರಿಯ ಡೆಪಾಸಿಟ್ಟಿನಲ್ಲಿದೆ, ಮಾರಬೇಕು ಅನಿಸಿದರೆ ಒಂದು ತಿಂಗಳು ಕಾಯುತ್ತೇನೆ, ಸರೋಜಳನ್ನು ಕೇಳುತ್ತೇನೆ. ಡೈರೆಕ್ಟ್ ಅಂತ ಹೊರಟವರನ್ನು ವಾಟ್ಸಾಪ್ ಗುಂಪುಗಳು, ನಕಲಿ ಆಪ್‌ಗಳು ಹಿಡಿಯುತ್ತವೆ. ಉಳಿಸುವ 1.7%ಗಿಂತ ಆ ಅಪಾಯ ದೊಡ್ಡದು. ಫಂಡು ಕಂಪನಿಯ ಸ್ವಂತ ವೆಬ್‌ಸೈಟ್ ಇಲ್ಲವೇ ಎಲ್ಲ ಫಂಡುಗಳಿಗೂ ಇರುವ ಎಂಎಫ್ ಸೆಂಟ್ರಲ್ ತಾಣ ಬಿಟ್ಟು ಬೇರೆಲ್ಲೂ ಹೋಗಬಾರದು, ಮೊದಲ ಸಲ ಮಗಳು ಪಕ್ಕದಲ್ಲಿ ಕೂತಿರಬೇಕು ಅಂದೆ.

ಅಳಿಯನಿಗೆ ಹೇಳುವ ಮಾತನ್ನು ಅಭ್ಯಾಸ ಮಾಡಿಸಿದೆ. ಮಾಷ್ಟ್ರು ಮೊದಲು ಮಗಳ ಮೇಲೆ ಹಾಕಲು ನೋಡಿದರು: "ಅವಳು ಬಿಡುದಿಲ್ಲ ಮಾರಾಯ." ಅದು ಬೇಡ ಅಂದೆ. ನಾಳೆ ಆ ಇಬ್ಬರ ನಡುವೆ ಹಗೆ ಬೆಳೆಯುತ್ತದೆ. ಫೋನಿನಲ್ಲೂ ಬೇಡ, ಸ್ಟೇಟ್‌ಮೆಂಟು ನೋಡಿ ಅವನಿಗೆ ಗೊತ್ತಾಗುವುದಂತೂ ಬೇಡವೇ ಬೇಡ. ಮನೆಗೆ ಕರೆದು ಹೇಳಿ, ನಿರ್ಧಾರ ನಿಮ್ಮದೇ ಅಂತ ಹೇಳಿ, 2020ನ್ನು ನೆನೆದು ಹೇಳಿ.

ಕೋಲ ಮುಗಿದ ಮೇಲೆ ಹೇಳಿದರು. ಅಳಿಯನಿಗೆ ಸಿಟ್ಟು ಬಂತು. "ಆ ಮೇಡಂ ಫೀಸು ತೆಗೊಳ್ಳುದಿಲ್ವಾ ಮಾವ?" ಅಂದನಂತೆ. ತೆಗೆದುಕೊಳ್ಳುತ್ತೇನೆ. ಒಮ್ಮೆ, ರಶೀದಿ ಕೊಟ್ಟು. ಎರಡು ತಿಂಗಳು ಅವನು ಆ ಕಡೆ ಬರಲಿಲ್ಲ. ಆಮೇಲೆ ಇಬ್ಬರ ಆರೋಗ್ಯ ವಿಮೆ ನವೀಕರಣಕ್ಕೆ ಬಂದ. ಆ ಕೆಲಸ ಅವನ ಕೈಯಲ್ಲೇ ಇರಲಿ ಅಂತ ನಾನೇ ಹೇಳಿದ್ದೆ. ಆಸ್ಪತ್ರೆಯಲ್ಲಿ ಕ್ಲೇಮಿಗೆ ಓಡಾಡಲು ಊರಿನಲ್ಲೊಬ್ಬರು ಬೇಕು.

ಸರೋಜಕ್ಕನ ಹಣ ಪೂರ್ತಿ ಬದಲಾಗಿದೆ. ಮಾಷ್ಟ್ರದ್ದು ಎರಡು ಕಂತು ಆಗಿದೆ. ಇಎಲ್‌ಎಸ್‌ಎಸ್‌ನ ಕೊನೆಯ ಮೂರು ವರ್ಷದ ಕಂತುಗಳು ಬೀಗ ಬಿಡುವವರೆಗೆ ಅಲ್ಲೇ ಇರುತ್ತವೆ. ಅದರ ಕಮಿಷನ್ ಅಳಿಯನಿಗೆ ಹೋಗುತ್ತಿರುತ್ತದೆ, ಮಾಷ್ಟ್ರಿಗೆ ಅದರಲ್ಲಿ ಏನೂ ಬೇಜಾರಿಲ್ಲ.