‘ಪರ್ಸನಲೈಸ್ಡ್’ ಟಿಎಂಎಸ್ ಅಂದರೆ ಏನನ್ನು ಹೊಂದಿಸುತ್ತಾರೆ?

ಎರಡು ಔಷಧ ಬದಲಿಸಿದರೂ ಖಿನ್ನತೆ ಇಳಿದಿಲ್ಲ, ಈಗ ‘ಪರ್ಸನಲೈಸ್ಡ್’ ಟಿಎಂಎಸ್ ಮಾಡಿಸಿ ಎನ್ನುತ್ತಿದ್ದಾರೆ, ಮಾಮೂಲಿ ಟಿಎಂಎಸ್‌ಗಿಂತ ಅದು ಹೇಗೆ ಬೇರೆ ಎಂದು ಕೇಳಿದ್ದೀರಿ. ಟಿಎಂಎಸ್ ಎಂದರೆ ತಲೆಯ ಮೇಲೆ ಕಾಯಿಲ್ (ತಂತಿಯ ಸುರುಳಿ) ಇಟ್ಟು, ಕಾಂತೀಯ ಪಲ್ಸ್‌ಗಳಿಂದ ಮೆದುಳನ್ನು ಪ್ರಚೋದಿಸುವ ಚಿಕಿತ್ಸೆ. ‘ಪರ್ಸನಲೈಸ್ಡ್’ ಎಂಬ ಪದಕ್ಕೆ ಒಬ್ಬೊಬ್ಬರದು ಒಂದೊಂದು ಅರ್ಥ. ನಿಮಗೆಂದು ಹೊಂದಿಸುವುದು ಶಕ್ತಿಯನ್ನೋ ಜಾಗವನ್ನೋ ಎಂದು ಮೊದಲು ಕೇಳಿಬಿಡಿ.

ಶಕ್ತಿಯನ್ನಾದರೆ ಎಲ್ಲರಿಗೂ ಹೊಂದಿಸುತ್ತಾರೆ, ಹೊಸದೇನಲ್ಲ. ತಲೆಯ ಎಡಕ್ಕೆ ಕಾಯಿಲ್ ಇಟ್ಟು ಬಲಗೈ ಹೆಬ್ಬೆರಳು ಮಿಡುಕುವ ಜಾಗ ಹುಡುಕುತ್ತಾರೆ. ಹತ್ತು ಪಲ್ಸ್‌ಗೆ ಐದು ಸಲ ಬೆರಳು ಅಲುಗಿಸುವ ಕನಿಷ್ಠ ಶಕ್ತಿಯೇ ಮೋಟಾರ್ ಥ್ರೆಶೋಲ್ಡ್. ಸಾಮಾನ್ಯವಾಗಿ ಅದರ ಶೇ 120ರಷ್ಟು ಶಕ್ತಿಯಲ್ಲಿ ಚಿಕಿತ್ಸೆ. ಮೊದಲ ದಿನಗಳಲ್ಲಿ ನೆತ್ತಿ ನೋಯುತ್ತದೆಂದು ಇಳಿಸಿ, ಆಮೇಲೆ ಏರಿಸಲು ಮರೆತರೆ ಆರು ವಾರವೂ ಕಡಿಮೆ ಡೋಸ್‌ನಲ್ಲೇ ಮುಗಿಯುತ್ತದೆ. ‘ಇವತ್ತು ಎಷ್ಟರಲ್ಲಿದೆ?’ ಎಂದು ಕೇಳುವುದಕ್ಕೆ ಸಂಕೋಚ ಬೇಡ.

ನಿಜವಾದ ವ್ಯತ್ಯಾಸ ಜಾಗದ್ದು. ಗುರಿ ಹಣೆಯ ಎಡಭಾಗದ ಹಿಂದಿನ ಕಾರ್ಟೆಕ್ಸ್, ಅಂದರೆ ಮೆದುಳಿನ ಹೊರಪದರ. ಹಳೆಯ ಪದ್ಧತಿಯಲ್ಲಿ ಹೆಬ್ಬೆರಳಿನ ಜಾಗದಿಂದ 5 ಸೆಂ.ಮೀ. ಮುಂದೆ ಅಳೆದು ಗುರುತು ಹಾಕುತ್ತಿದ್ದರು. ತಲೆ ದೊಡ್ಡದಿದ್ದರೆ ಅದು ತೀರಾ ಹಿಂದಕ್ಕೆ ಬೀಳುತ್ತದೆ. ಟೇಪ್‌ನಿಂದ ಇಡೀ ತಲೆಯನ್ನು ಅಳೆದು ‘ಎಫ್3’ ಬಿಂದು ಹಿಡಿಯುವುದು ಅದಕ್ಕಿಂತ ಮೇಲು. ಇನ್ನೂ ಮುಂದೆ ಹೋದರೆ, ಸುಮ್ಮನೆ ಮಲಗಿಸಿ ಎಫ್‌ಎಂಆರ್‌ಐ (ಮೆದುಳಿನ ಚಟುವಟಿಕೆ ತೋರಿಸುವ ಸ್ಕ್ಯಾನ್) ತೆಗೆದು, ಮೆದುಳಿನ ಒಳಗಿನ, ಖಿನ್ನತೆಗೆ ನಂಟಿರುವ ಸಬ್‌ಜೆನ್ಯುವಲ್ ಭಾಗದ ಚಟುವಟಿಕೆ ಏರಿದಾಗ ಇಳಿಯುವ, ಇಳಿದಾಗ ಏರುವ ಬಿಂದುವನ್ನು ನಿಮ್ಮ ಕಾರ್ಟೆಕ್ಸ್‌ನಲ್ಲೇ ಹುಡುಕುತ್ತಾರೆ. ಎಡವುವುದೂ ಇಲ್ಲಿಯೇ. ಸಬ್‌ಜೆನ್ಯುವಲ್ ಭಾಗ ಸೈನಸ್‌ನ ಗಾಳಿಗೆ ಹತ್ತಿರವಿರುವುದರಿಂದ ಸ್ಕ್ಯಾನ್‌ನಲ್ಲಿ ಸಿಗ್ನಲ್ ಕ್ಷೀಣ. ಸ್ಕ್ಯಾನ್ ಚಿಕ್ಕದಾದರೆ, ತಲೆ ಅಲುಗಿದರೆ, ಇವತ್ತು ಸಿಕ್ಕ ಬಿಂದು ನಾಳೆ ಬೇರೆಡೆ ಸಿಗಬಹುದು. ಬಿಂದು ಸರಿಯಿದ್ದರೂ ಕಾಯಿಲ್ ಎಲ್ಲಿದೆ ಎಂದು ತೋರಿಸುವ ನ್ಯಾವಿಗೇಶನ್ ಕ್ಯಾಮೆರಾ ಇಲ್ಲದೆ ಬರೀ ಟೋಪಿಯ ಮೇಲೆ ಗುರುತು ಹಾಕಿದ್ದರೆ ಆ ನಿಖರತೆ ಅಲ್ಲೇ ಹೋಯಿತು.

ಈ ದಾರಿಯಲ್ಲಿ ಹೆಚ್ಚು ಹೆಸರಾದದ್ದು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ‘ಸೇಂಟ್’ ವಿಧಾನ. ಅಮೆರಿಕದ ಔಷಧ ನಿಯಂತ್ರಕ ಸಂಸ್ಥೆ ಎಫ್‌ಡಿಎ 2022ರಲ್ಲಿ ಅದಕ್ಕೆ ಅನುಮತಿ ಕೊಟ್ಟಿತು. ಒಂದು ಸೆಶನ್‌ಗೆ 1,800 ಪಲ್ಸ್, ನಡುವೆ 50 ನಿಮಿಷ ಬಿಡುವು, ದಿನಕ್ಕೆ 10 ಸೆಶನ್, ಐದು ದಿನ: ಒಟ್ಟು 90,000 ಪಲ್ಸ್. ಫಲಿತಾಂಶ ಬೆರಗಾಗುವಂತಿತ್ತು, ಆದರೆ ಆ ಪ್ರಯೋಗದಲ್ಲಿದ್ದದ್ದು 29 ಜನ. ಜಾಗ, ಡೋಸ್, ವೇಳಾಪಟ್ಟಿ ಮೂರೂ ಒಟ್ಟಿಗೇ ಬದಲಾಗಿದ್ದರಿಂದ, ಗುಣಕ್ಕೆ ಸ್ಕ್ಯಾನೇ ಕಾರಣ ಎಂದು ಅದರಿಂದ ಹೇಳಲಾಗದು. ನನ್ನ ಮಟ್ಟಿಗೆ, ಸ್ಕ್ಯಾನ್ ಇಲ್ಲವೆಂಬ ಒಂದೇ ಕಾರಣಕ್ಕೆ ಮಾಮೂಲಿ ಟಿಎಂಎಸ್ ಬಿಡುವುದು ತಪ್ಪು. 600 ಪಲ್ಸ್‌ನ ಮೂರು ನಿಮಿಷದ ತೀಟಾ ಬರ್ಸ್ಟ್ (ಪಲ್ಸ್‌ಗಳನ್ನು ವೇಗದ ಗೊಂಚಲುಗಳಲ್ಲಿ ಕೊಡುವ ಟಿಎಂಎಸ್), 37 ನಿಮಿಷದ ಹಳೆಯ ವಿಧಾನಕ್ಕೆ ಕಡಿಮೆಯಿಲ್ಲ ಎಂಬುದು 2018ರ ದೊಡ್ಡ ಪ್ರಯೋಗದಲ್ಲಿ ಕಂಡಿದೆ.

ಕಾಕ್ಲಿಯರ್ ಇಂಪ್ಲಾಂಟ್ (ಕಿವಿಯೊಳಗಿನ ಶ್ರವಣ ಸಾಧನ), ಮೆದುಳಿನ ರಕ್ತನಾಳದ ಕ್ಲಿಪ್ ಇದ್ದರೆ ಮೊದಲೇ ಹೇಳಿ. ಹಲ್ಲಿನ ಫಿಲ್ಲಿಂಗ್‌ಗೆ ತೊಂದರೆಯಿಲ್ಲ. ಇಯರ್‌ಪ್ಲಗ್ ಇಲ್ಲದೆ ಕೂರಬೇಡಿ. ಫಿಟ್ಸ್ ಬರುವುದು ಅಪರೂಪ. ಆದರೆ ನಿದ್ದೆಗೆಟ್ಟ ರಾತ್ರಿ, ಹೊಸ ಮಾತ್ರೆ, ಏಕಾಏಕಿ ನಿಲ್ಲಿಸಿದ ಕುಡಿತ ಅದರ ಸಾಧ್ಯತೆ ಹೆಚ್ಚಿಸುತ್ತವೆ, ಅಂದಂದೇ ತಿಳಿಸಿ. ಈಗಿನ ಮಾತ್ರೆಯನ್ನು ನೀವಾಗಿ ಬಿಡಬೇಡಿ.

ಮಾಮೂಲಿ ಕೋರ್ಸ್‌ನಲ್ಲಿ ಎರಡು ವಾರಕ್ಕೆ ಏನೂ ಅನಿಸದಿದ್ದರೆ ಸೋತಂತಲ್ಲ, ಎಷ್ಟೋ ಜನರಿಗೆ ನಾಲ್ಕನೇ ವಾರದಲ್ಲಿ ತಿರುಗುತ್ತದೆ. ಆದರೆ ಊಟ ಬಿಟ್ಟಿದ್ದರೆ, ಸಾಯುವ ಯೋಚನೆ ಬಲವಾಗಿದ್ದರೆ ಟಿಎಂಎಸ್ ಸರದಿಗೆ ಕಾಯಬೇಡಿ. ಇವತ್ತೇ ಆಸ್ಪತ್ರೆಗೆ ಹೋಗಿ, ಇಸಿಟಿ (ಮಂಪರು ಕೊಟ್ಟು ಮಾಡುವ ವಿದ್ಯುತ್ ಚಿಕಿತ್ಸೆ) ಬಗ್ಗೆ ಕೇಳಿ.